ಕಲ್ಲೋದಿನ ಲೆಕ್ಕ: ಬಿ. ಎಲ್. ರೈಸ್ ಅವರ ಜೀವನ

ವರ್ಷದ ಮೊದಲ ದಿನ ಹೊಸ ನೋಟ್‌ಬುಕ್ಕೊಂದನ್ನು ಕೊಂಡು, ಈ ವರ್ಷ ಇಷ್ಟು ಪುಸ್ತಕಗಳನ್ನು ಓದಿಯೇ ತೀರುವೆನೆಂದು ಸಂಕಲ್ಪ ಮಾಡದ ವಿದ್ಯಾರ್ಥಿ ನಮ್ಮಲ್ಲಿ ಯಾರಿದ್ದಾರೆ? ಸಂಕಲ್ಪಕ್ಕೆ ಬಡತನವೆ? ನಾನೂ ಅಂತಹ ಸಂಕಲ್ಪವನ್ನು ಕೈಗೊಂಡವರಲ್ಲೊಬ್ಬ. ವಾರಕ್ಕೊಂದರಂತೆ ವರ್ಷಕ್ಕೆ 52 ಪುಸ್ತಕಗಳೆಂದು ಗೊತ್ತುಮಾಡಿ, ಕ್ರಮಸಂಖ್ಯೆ, ಪುಸ್ತಕದ ಹೆಸರು, ಗ್ರಂಥಕರ್ತರು, ಪುಟಗಳು, ಮುಗಿಸಿದ ದಿನ ಎಂದು ಐದು ಅಂಕಣಗಳನ್ನು ಗೀಚಿಕೊಂಡೆ. ದೀಪಾವಳಿಯ ಹೊತ್ತಿಗೆ ಲೆಕ್ಕ 41ಕ್ಕೆ ಬಂದಿತ್ತು. ಹೆಮ್ಮೆಯಿಂದ ಅದನ್ನು ನಮ್ಮ ಅಧ್ಯಾಪಕರೊಬ್ಬರಿಗೆ ತೋರಿಸಿದೆ. ಅವರು ಪುಟ ತಿರುವಿ, 14ನೆಯ ಪುಸ್ತಕದ ಮೇಲೆ ಬೆರಳಿಟ್ಟು, ಅದರಲ್ಲಿ ಏನಿದೆಯೆಂದು ಐದು ವಾಕ್ಯಗಳಲ್ಲಿ ಹೇಳಬೇಕೆಂದರು. ನನಗೆ ಎರಡು ವಾಕ್ಯಗಳೂ ಹೊರಡಲಿಲ್ಲ.

ಅವರು ಬಯ್ಯಲಿಲ್ಲ. ಗ್ರಂಥಭಂಡಾರದ ಬೀರುವಿನಿಂದ ದಪ್ಪನಾದ, ಹಾಳೆ ಹಳದಿಗಟ್ಟಿದ ಸಂಪುಟವೊಂದನ್ನು ತೆಗೆಸಿ ನನ್ನ ಮುಂದಿಟ್ಟರು. ಅದು 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ 12ನೆಯ ಸಂಪುಟ, ತುಮಕೂರು ಜಿಲ್ಲೆಯ ಶಾಸನಗಳು. ಈ ಮನುಷ್ಯನೂ ತಾನು ಓದಿದ್ದಕ್ಕೆ ಲೆಕ್ಕ ಇಟ್ಟಿದ್ದಾನೆ, ಹೇಗೆ ಇಟ್ಟಿದ್ದಾನೆಂಬುದನ್ನು ನೋಡು ಎಂಬಂತೆ ಸೂಚಿಸಿ ಹೊರಟುಹೋದರು. ಆ ಸಂಪುಟದ ಕರ್ತೃವಾದ ಬೆಂಜಮಿನ್ ಲೂಯಿ ರೈಸ್ ಅವರ ಬಾಳಿನ ಪರಿಚಯವನ್ನು ನಾನು ಮಾಡಿಕೊಂಡುದು ಹೀಗೆ. ನನಗೆ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ರೈಸ್ ಅವರು ಹುಟ್ಟಿದುದು 1837ನೆಯ ಇಸವಿ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಆ ತಂದೆಯ ಹೆಸರಿನದು. ಹೀಗಾಗಿ ಮಗನಿಗೆ ಕನ್ನಡವು ಪುಸ್ತಕದಿಂದ ಕಲಿತ ಪರದೇಶದ ಭಾಷೆಯಾಗಿರಲಿಲ್ಲ. ಹುಟ್ಟಿದ ಊರಿನ ಬೀದಿಯ ಭಾಷೆಯಾಗಿತ್ತು. ವಿದ್ಯಾಭ್ಯಾಸಕ್ಕೆ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ 1860ರಲ್ಲಿ ಹಿಂದಿರುಗಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದುದು ಇದೇ ಹೈಸ್ಕೂಲು. 1865ರಲ್ಲಿ ಅವರಿಗೆ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಹುದ್ದೆ ಬಂತು. ಹಳ್ಳಿಯ ಮಕ್ಕಳಿಗೂ ಅಕ್ಷರ ದೊರೆಯಲೆಂದು ಹೋಬಳಿಗೊಂದು ಶಾಲೆ ಇರಬೇಕೆಂಬ ಯೋಜನೆಯನ್ನು 1868ರಲ್ಲಿ ರೂಪಿಸಿದವರೂ ಅವರೇ. ನಮ್ಮ ಸೀಮೆಯ ಎಷ್ಟೋ ಮನೆತನಗಳಲ್ಲಿ ಮೊದಲ ಬಾರಿಗೆ ಬಳಪ ಹಿಡಿದ ಕೈಗಳು ಈ ಹೋಬಳಿ ಶಾಲೆಗಳಿಗೆ ಋಣಿಯಾಗಿದ್ದರೆ ಆಶ್ಚರ್ಯವಿಲ್ಲ.

ಶಾಲೆಯ ಇನ್‌ಸ್ಪೆಕ್ಟರಿಗೂ ಶಾಸನಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವೆಲ್ಲ ಪ್ರಯಾಣದಲ್ಲಿತ್ತು. ಅಂದು ಮೋಟಾರು ಇಲ್ಲ. ಊರಿಂದೂರಿಗೆ ಕುದುರೆಯ ಮೇಲೆ ಹೋಗಬೇಕು, ಗುಡಾರದಲ್ಲಿ ಇಳಿದುಕೊಳ್ಳಬೇಕು. ಹೋದ ಕಡೆಯಲ್ಲೆಲ್ಲ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು ನಿಂತಿದ್ದುವು. ಊರಿನವರನ್ನು ಕೇಳಿದರೆ ಅದರಲ್ಲಿ ನಿಕ್ಷೇಪದ ಗುಟ್ಟಿದೆ ಎನ್ನುವವರೇ ಹೆಚ್ಚು, ಓದಬಲ್ಲವರು ಇಲ್ಲ. ಓದು ಕಲಿಸುವ ಇಲಾಖೆಯ ಅಧಿಕಾರಿಗೆ ಓದಲಾಗದ ಅಕ್ಷರ ಎದುರಿಗೆ ನಿಂತರೆ ಸುಮ್ಮನಿರಲು ಸಾಧ್ಯವೆ? ಇದೇ ಕಾಲಕ್ಕೆ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ತೆಗೆದಿದ್ದ ಸುಮಾರು 150 ಶಾಸನಗಳ ಛಾಯಾಚಿತ್ರಗಳು ಸರ್ಕಾರದ ಬಳಿ ಇದ್ದುವು. ಅವುಗಳ ಅರ್ಥವನ್ನು ಬಿಡಿಸುವ ಕೆಲಸ ರೈಸ್ ಅವರ ಪಾಲಿಗೆ ಬಂತು. ಆ ಓದಿನ ಫಲವಾಗಿ 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಎಂಬ ಗ್ರಂಥ ಹೊರಬಂತು. ಅಂದಿನಿಂದ ಕಲ್ಲು ಅವರನ್ನು ಬಿಡಲಿಲ್ಲ.

ನಡುವೆ ಅವರು ಮಾಡಿದ ಇತರ ಕೆಲಸಗಳನ್ನು ಎಣಿಸಿದರೆ, ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ಗಂಟೆಗಳಿದ್ದುವೋ ಎಂಬ ಸಂಶಯ ಬರುತ್ತದೆ. ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು 1870ರ ದಶಕದಲ್ಲಿ ಸಿದ್ಧಪಡಿಸಿದರು. ಅದನ್ನು ತಿದ್ದಿ ಹಿಗ್ಗಿಸಿ 1897ರಲ್ಲಿ ಮತ್ತೆ ಪ್ರಕಟಿಸಿದರು. 1882ರಲ್ಲಿ ಭಾರತ ಸರ್ಕಾರ ನೇಮಿಸಿದ ಹಂಟರ್ ಶಿಕ್ಷಣ ಆಯೋಗಕ್ಕೆ ಕಾರ್ಯದರ್ಶಿಯಾದರು. ಮೈಸೂರು ಮತ್ತು ಕೊಡಗಿನಲ್ಲಿದ್ದ ಸಂಸ್ಕೃತ ಹಸ್ತಪ್ರತಿಗಳ ಪಟ್ಟಿಯನ್ನು 1884ರಲ್ಲಿ ಅಚ್ಚುಹಾಕಿಸಿದರು. ಅದೇ ವರ್ಷ ನಾಗವರ್ಮನ 'ಕರ್ಣಾಟಕ ಭಾಷಾಭೂಷಣ'ವನ್ನು ಸಂಪಾದಿಸಿ ಹೊರತಂದರು. 'ಬಿಬ್ಲಿಯೊಥಿಕಾ ಕರ್ನಾಟಿಕಾ' ಎಂಬ ಆ ಮಾಲೆಯಲ್ಲಿಯೇ 1898ರಲ್ಲಿ ಪಂಪ ಭಾರತವೂ 'ಕವಿರಾಜಮಾರ್ಗ'ವೂ ಬೆಳಕು ಕಂಡುವು. ಇಂದು ನಮ್ಮ ಪಠ್ಯದಲ್ಲಿ ಪಂಪನನ್ನು ಓದುವಾಗ, ತಾಳೆಗರಿಯಲ್ಲಿದ್ದ ಆ ಕಾವ್ಯವನ್ನು ಮೊದಲು ಅಚ್ಚಿನ ಮನೆಗೆ ಕೊಂಡೊಯ್ದ ಕೈಯನ್ನು ನಾವು ಸ್ಮರಿಸುವುದುಂಟೆ? 1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪಿತವಾಗುವುದಕ್ಕೂ ಅವರ ಪ್ರಯತ್ನ ಬಹಳಮಟ್ಟಿಗೆ ಕಾರಣ.

1885ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರಾಚ್ಯವಸ್ತು ಸಂಶೋಧನೆಯ ಇಲಾಖೆ ಆರಂಭವಾದಾಗ ಅದರ ಹೊಣೆ ರೈಸ್ ಅವರಿಗೆ ಬಂತು. ಮೊದಮೊದಲು ಇತರ ಕೆಲಸಗಳೊಂದಿಗೆ ಇದನ್ನು ನೋಡಿಕೊಳ್ಳುತ್ತಿದ್ದರು. 1890ರಿಂದ ಇದೇ ಅವರ ಪೂರ್ಣ ಕೆಲಸವಾಯಿತು. ಆಗ ಅವರು ಹಿಡಿದ ಗುರಿ ನೋಡಿ: ಸಂಸ್ಥಾನದ ಪ್ರತಿಯೊಂದು ಜಿಲ್ಲೆ, ಪ್ರತಿಯೊಂದು ತಾಲ್ಲೂಕಿನ ಶಾಸನಗಳನ್ನೂ ಓದಿ ಪ್ರಕಟಿಸುವುದು. ಕೊಡಗಿನ ಶಾಸನಗಳ ಮೊದಲ ಸಂಪುಟ ಬಂದುದು 1886ರಲ್ಲಿ, ಶ್ರವಣಬೆಳಗೊಳದ್ದು 1889ರಲ್ಲಿ, ನಮ್ಮ ತುಮಕೂರು ಜಿಲ್ಲೆಯದು 1904ರಲ್ಲಿ. 1905ರ ಹೊತ್ತಿಗೆ 12 ಸಂಪುಟಗಳೂ ಮುಗಿದುವು. ಅವುಗಳಲ್ಲಿ ಸೇರಿರುವ ಶಾಸನಗಳ ಸಂಖ್ಯೆ 8,869. ಸುಮಾರು 20 ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 440ಕ್ಕಿಂತ ಹೆಚ್ಚು, ಅಂದರೆ ದಿನಕ್ಕೆ ಒಂದಕ್ಕೂ ಮೀರಿ. ವಾರಕ್ಕೊಂದು ಪುಸ್ತಕವೆಂದು ಬೀಗಿದ್ದ ನನಗೆ ಈ ಲೆಕ್ಕವನ್ನು ಮಾಡಿದ ದಿನ ತುಸು ನಾಚಿಕೆಯಾಯಿತು.

ಆದರೆ ಸೋಜಿಗವಿರುವುದು ಸಂಖ್ಯೆಯಲ್ಲಲ್ಲ, ಲೆಕ್ಕವಿಟ್ಟ ರೀತಿಯಲ್ಲಿ. ಒಂದೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು ಮತ್ತು ಒಂದು ಸಂಖ್ಯೆ. ಆ ಕಲ್ಲು ಯಾವ ಊರಿನಲ್ಲಿ, ಯಾವ ಗುಡಿಯ ಯಾವ ದಿಕ್ಕಿನಲ್ಲಿ, ಯಾರ ಹೊಲದಲ್ಲಿ ಇದೆಯೆಂಬ ವಿವರ. ಆ ಮೇಲೆ ಕನ್ನಡ ಲಿಪಿಯಲ್ಲಿ ಮೂಲ, ರೋಮನ್ ಲಿಪಿಯಲ್ಲಿ ಅದೇ ಪಾಠ, ಕೊನೆಗೆ ಇಂಗ್ಲಿಷ್ ಅನುವಾದ. ಹೀಗೆ ಊರಿನ ಕ್ರಮದಲ್ಲಿ ಕೊಟ್ಟುದು ಸಾಲದೆಂದು, ಕಾಲದ ಕ್ರಮದಲ್ಲಿ ಮತ್ತೊಂದು ಪಟ್ಟಿ. ಊರು ಬಲ್ಲವನು ಊರಿನಿಂದ ಹುಡುಕಬಹುದು. ರಾಜನ ಕಾಲ ಬಲ್ಲವನು ಕಾಲದಿಂದ ಹುಡುಕಬಹುದು. ಕಲ್ಲು ಸವೆದು ಅಕ್ಷರ ಮಾಸಿದ ಕಡೆಯಲ್ಲಿ ಊಹಿಸಿ ತುಂಬುವ ಗೋಜಿಗೆ ಹೋಗದೆ ಚುಕ್ಕಿಗಳನ್ನು ಇಟ್ಟಿದ್ದಾರೆ. ಕಾಲ ನಿಶ್ಚಯವಾಗದ ಶಾಸನಗಳ ತಲೆಯ ಮೇಲೆ ಇಸವಿಯ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಆ ಪುಟ್ಟ ಚಿಹ್ನೆಯ ಮುಂದೆ ನಾನು ಬಹಳ ಹೊತ್ತು ಕುಳಿತೆ. ಇಷ್ಟು ಓದಿದವರು, ಇಷ್ಟು ತಿಳಿದವರು, ತಮಗೆ ತಿಳಿಯದುದನ್ನು ತಿಳಿಯದೆಂದು ಅಚ್ಚಿನಲ್ಲಿಯೇ ಒಪ್ಪಿಕೊಂಡಿದ್ದಾರೆ. ನನ್ನ ನೋಟ್‌ಬುಕ್ಕಿನಲ್ಲಿ ಅಂತಹ ಚಿಹ್ನೆ ಒಂದೂ ಇರಲಿಲ್ಲ.

ತುಮಕೂರಿನ ಸಂಪುಟದಲ್ಲಿ ನಮ್ಮ ಸೀಮೆಗೆ ಸಂಬಂಧಪಟ್ಟ ಭಾಗವನ್ನು ನಾವೆಲ್ಲರೂ ಒಮ್ಮೆಯಾದರೂ ನೋಡಬೇಕು. ಸಿರಾ, ಪಾವಗಡ, ಮದ್ದಗಿರಿ ಎಂದು ಮೂರು ತಾಲ್ಲೂಕುಗಳ ಹೆಸರು ಅಲ್ಲಿ ಸಿಗುತ್ತವೆ. ಮದ್ದಗಿರಿಯೆಂದರೆ ಇಂದಿನ ಮಧುಗಿರಿ. ಕೊರಟಗೆರೆಯ ಹೆಸರು ಪ್ರತ್ಯೇಕವಾಗಿ ಕಾಣದಿದ್ದರೆ ಕೊರಟಗೆರೆಯ ಮಿತ್ರರು ಬೇಸರಪಡಬೇಕಾಗಿಲ್ಲ. ಆಗ ಅದು ಮದ್ದಗಿರಿಗೆ ಸೇರಿದ ಉಪತಾಲ್ಲೂಕಾಗಿತ್ತು, ಅಷ್ಟೆ.

ಸಿರಾ ಎಂದೊಡನೆ ನಮಗೆ ನೆನಪಾಗುವುದು ಕೋಟೆ, 1651ರಲ್ಲಿ ತೀರಿಕೊಂಡ ಮಲಿಕ್ ರಿಹಾನನ ಗೋರಿ, ಮೊಗಲರ ಸುಬಾ ಇವೇ. ಆದರೆ ಅದಕ್ಕೂ ಹಿಂದಿನ ಎಷ್ಟು ಶತಮಾನಗಳು ಈ ನೆಲದಲ್ಲಿ ಹೂತಿದ್ದುವು! ಸಿರಾ ತಾಲ್ಲೂಕಿನ ಶಾಸನಗಳೊಂದಿಗೆ ರೈಸ್ ಅವರು ಹೇಮಾವತಿಯ ಕಂಬದ ಶಾಸನವನ್ನೂ ಕೊಟ್ಟಿದ್ದಾರೆ. ಹೇಮಾವತಿ ಈಗ ಆಂಧ್ರಪ್ರದೇಶದಲ್ಲಿದೆ; ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಿಂದ ನೊಳಂಬ ಅರಸರ ರಾಜಧಾನಿಯಾಗಿತ್ತು. ಆ ಕಂಬದ ಮೇಲೆ ನೊಳಂಬರ ವಂಶಾವಳಿಯೇ ಕೆತ್ತಲ್ಪಟ್ಟಿದೆ. ಬರಗೂರಿನಲ್ಲಿ 878ರ ಶಾಸನವೊಂದು ನೊಳಂಬ ಮಹೇಂದ್ರನ ಕಾಲವನ್ನು ತಿಳಿಸುತ್ತದೆ. ಈ ಬರಹಗಳು ಓದಲ್ಪಡದೇ ಹೋಗಿದ್ದರೆ ನೊಳಂಬರ ಚರಿತ್ರೆ ಬರಿಯ ಕೆಲವು ಹೆಸರುಗಳಾಗಿ ಉಳಿಯುತ್ತಿತ್ತು. ಪಾವಗಡದ ಕಡೆ ಬಂದರೆ ನಿಡುಗಲ್ಲು. ಕಡಿದಾದ ಆ ಬೆಟ್ಟವನ್ನು ಹತ್ತಿದವರಿಗೆ ಕೋಟೆಯ ಸುತ್ತುಗಳು ಗೊತ್ತು. ಅದರ ಹಳೆಯ ಹೆಸರು ಕಾಲಾಂಜನವೆಂಬುದು ಎಷ್ಟು ಮಂದಿಗೆ ಗೊತ್ತು? ಅಲ್ಲಿ ಚೋಳವಂಶದವರೆಂದು ಹೇಳಿಕೊಂಡ ಇರುಂಗೋಳನೆಂಬ ಅರಸನು ಆಳುತ್ತಿದ್ದಾಗ, 1232ರಲ್ಲಿ, ಗಂಗೇಯನ ಮಾರೆಯನೆಂಬವನು ಪಾರ್ಶ್ವನಾಥನ ಬಸದಿಯನ್ನು ಮಾಡಿಸಿದ ವಿಷಯ ಶಾಸನದಲ್ಲಿದೆ. ಅರಸನ ಹೆಸರು ಉಳಿಯುವುದು ಸಹಜ. ಅವನ ಕೈಕೆಳಗಿನವನೊಬ್ಬನ ಹೆಸರೂ ಅವನ ಭಕ್ತಿಯೂ ಸುಮಾರು 800 ವರ್ಷಗಳ ಮೇಲೆ ನಮಗೆ ತಿಳಿದಿದೆಯೆಂದರೆ ಅದು ಕಲ್ಲಿನ ಮಹಿಮೆ, ಕಲ್ಲನ್ನು ಓದಿದವರ ಮಹಿಮೆ.

ಪಾವಗಡದಿಂದ ಉತ್ತರಕ್ಕೆ ಹೋದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಸೀಮೆ. ರೈಸ್ ಅವರ ಬಾಳಿನ ಅತ್ಯಂತ ದೊಡ್ಡ ದಿನಗಳು ಬಂದುದು ಅಲ್ಲಿ, 1892ರಲ್ಲಿ. ಸಿದ್ದಾಪುರ, ಬ್ರಹ್ಮಗಿರಿ ಮತ್ತು ಜಟಿಂಗರಾಮೇಶ್ವರದ ಬೆಟ್ಟಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳು ಕಂಡುಬಂದುವು. ಬ್ರಹ್ಮಗಿರಿಯ ಬಂಡೆಯನ್ನು ಹಳ್ಳಿಯವರು ಅಕ್ಷರಗುಂಡು ಎಂದೇ ಕರೆಯುತ್ತಿದ್ದರು. ಅಕ್ಷರವಿದೆಯೆಂದು ತಲೆತಲಾಂತರದಿಂದ ಗೊತ್ತು. ಏನು ಬರೆದಿದೆಯೆಂದು ಯಾರಿಗೂ ಗೊತ್ತಿಲ್ಲ! ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಅದನ್ನು ಬರೆದ ಚಪಡನೆಂಬ ಲಿಪಿಕಾರನು ಕೊನೆಯಲ್ಲಿ ತನ್ನ ಉದ್ಯೋಗವನ್ನು ಸೂಚಿಸುವ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಮೌರ್ಯ ಸಾಮ್ರಾಜ್ಯ ಎಲ್ಲಿಯವರೆಗೆ ಹಬ್ಬಿತ್ತೆಂಬ ಪ್ರಶ್ನೆಗೆ ನಮ್ಮ ಬಯಲುಸೀಮೆಯ ಒಂದು ಗುಂಡು ಉತ್ತರ ಕೊಟ್ಟಿತು. ಕನ್ನಡನಾಡಿನ ಲಿಖಿತ ಚರಿತ್ರೆ ಒಮ್ಮೆಲೇ ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಹಿಂದೆ ಸರಿಯಿತು.

ಮಹನೀಯರ ಜೀವನವನ್ನು ಬರೆಯುವಾಗ ಗುಣವನ್ನಷ್ಟೇ ಹೇಳಿ ದೋಷವನ್ನು ಮುಚ್ಚುವುದು ಒಂದು ರೂಢಿ. ಲೆಕ್ಕವಿಟ್ಟವರ ಕಥೆಯಲ್ಲಿ ಆ ರೂಢಿ ಸಲ್ಲದು. ರೈಸ್ ಅವರ ಓದಿನಲ್ಲಿ ತಪ್ಪುಗಳಿದ್ದುವು. ಸಾವಿರಗಟ್ಟಲೆ ಶಾಸನಗಳನ್ನು ಬೇಗಬೇಗ ಹೊರತರುವ ಆತುರದಲ್ಲಿ ಪಾಠಗಳಲ್ಲಿಯೂ ಕಾಲನಿರ್ಣಯದಲ್ಲಿಯೂ ದೋಷಗಳು ನುಸುಳಿದುವು. ಮುಂದಿನ ವಿದ್ವಾಂಸರು ಅವನ್ನು ತಿದ್ದಬೇಕಾಯಿತು. ಗಂಗರ ತಾಮ್ರಪಟಗಳ ವಿಷಯದಲ್ಲಂತೂ ದೊಡ್ಡ ವಾದವೇ ನಡೆಯಿತು. ಮುಂಬಯಿ ಪ್ರಾಂತದ ಅಧಿಕಾರಿಯೂ ಶಾಸನಪಂಡಿತರೂ ಆಗಿದ್ದ ಜೆ. ಎಫ್. ಫ್ಲೀಟ್ ಅವರು ಆ ತಾಮ್ರಪಟಗಳು ಕೂಟಶಾಸನಗಳೆಂದೂ, ಅವುಗಳ ಮೇಲೆ ಕಟ್ಟಿದ ಗಂಗರ ಚರಿತ್ರೆ ನಿಲ್ಲದೆಂದೂ ವಾದಿಸಿದರು. ರೈಸ್ ಅವರು ತಮ್ಮ ಪಕ್ಷವನ್ನು ಬಿಟ್ಟುಕೊಡಲಿಲ್ಲ. ಕಾಲ ಕಳೆದ ಮೇಲೆ ತೀರ್ಪು ಇಬ್ಬರ ನಡುವೆ ಬಿದ್ದಿತು: ಕೆಲವು ತಾಮ್ರಪಟಗಳು ನಿಜವೆಂದೂ ಹಲವು ಕೂಟವೆಂದೂ ವಿದ್ವಾಂಸರು ಬಗೆದರು. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಫ್ಲೀಟ್ ಅವರಿಗೆ ವಾದಿಸಲು ಸಾಧ್ಯವಾದುದೇ ರೈಸ್ ಅವರು ಮೂಲಪಾಠವನ್ನು ಎಲ್ಲರ ಮುಂದಿಟ್ಟಿದ್ದರಿಂದ. ಬರಿಯ ತಮ್ಮ ತೀರ್ಮಾನವನ್ನು ಬರೆದು ಪಾಠವನ್ನು ಬಚ್ಚಿಟ್ಟಿದ್ದರೆ ತಪ್ಪು ಹಿಡಿಯುವವರೂ ಇರುತ್ತಿರಲಿಲ್ಲ, ತಿದ್ದುವವರೂ ಇರುತ್ತಿರಲಿಲ್ಲ.

ಇನ್ನೊಂದು ಮಾತು. ಸಂಪುಟಗಳ ಮುಖಪುಟದ ಮೇಲಿರುವುದು ರೈಸ್ ಅವರ ಹೆಸರು. ಆದರೆ 8,869 ಶಾಸನಗಳು ಒಬ್ಬರ ಕಣ್ಣಿನ ಓದಲ್ಲ. ಬಿಸಿಲಿನಲ್ಲಿ ಹಳ್ಳಿ ಹಳ್ಳಿ ಅಲೆದು, ಪಾಚಿ ಕಟ್ಟಿದ ಕಲ್ಲನ್ನು ಉಜ್ಜಿ ತೊಳೆದು, ಸಾಲು ಸಾಲಾಗಿ ಬರೆದುಕೊಂಡು ಬಂದ ಪಂಡಿತರೂ ಬರಹಗಾರರೂ ಇದ್ದರು. ಅವರಲ್ಲಿ ಬಹುಮಂದಿಯ ಹೆಸರನ್ನು ಇಂದು ಹೇಳುವವರಿಲ್ಲ. ಹೆಸರು ಉಳಿದವರಲ್ಲಿ ಹಿರಿಯರು ಆರ್. ನರಸಿಂಹಾಚಾರ್ಯರು. ರೈಸ್ ಅವರ ಕೈಕೆಳಗೆ ಪಳಗಿ, ಅವರು 1906ರಲ್ಲಿ ನಿವೃತ್ತರಾದ ಮೇಲೆ ಇಲಾಖೆಯ ಹೊಣೆಯನ್ನು ಹೊತ್ತರು. ಶ್ರವಣಬೆಳಗೊಳದ ಸಂಪುಟದಲ್ಲಿ ರೈಸ್ ಅವರು ಕೊಟ್ಟಿದ್ದುದು 144 ಶಾಸನಗಳು. ನರಸಿಂಹಾಚಾರ್ಯರು ಅದನ್ನು ಪರಿಷ್ಕರಿಸಿ 1923ರಲ್ಲಿ ಪ್ರಕಟಿಸಿದಾಗ ಶಾಸನಗಳು 500 ಆಗಿದ್ದುವು. ಗುರುವಿನ ಲೆಕ್ಕವನ್ನು ಶಿಷ್ಯರು ಮುಂದುವರಿಸಿದ್ದು ಹೀಗೆ. ಅದೇ ನರಸಿಂಹಾಚಾರ್ಯರು 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳನ್ನೂ ಬರೆದು, ಕನ್ನಡದ ಕವಿಗಳನ್ನು ಓದಿದ್ದಕ್ಕೂ ಲೆಕ್ಕವಿಟ್ಟರು. 1970ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯವು ರೈಸ್ ಅವರ ಸಂಪುಟಗಳ ಪರಿಷ್ಕೃತ ಆವೃತ್ತಿಗಳನ್ನು ಹೊರತರತೊಡಗಿತು. ಒಬ್ಬರು ಪ್ರಾಮಾಣಿಕವಾಗಿ ಇಟ್ಟ ಲೆಕ್ಕ ಅವರೊಡನೆ ಮುಗಿಯುವುದಿಲ್ಲ.

ನಿವೃತ್ತಿಯ ನಂತರ ರೈಸ್ ಅವರು ಇಂಗ್ಲೆಂಡಿಗೆ ಹೋದರು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ತಾವು ಓದಿದ ಶಾಸನಗಳೆಲ್ಲದರ ಸಾರವನ್ನು ಹಿಂಡಿ 'ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್' ಎಂಬ ಚರಿತ್ರೆಯನ್ನು 1909ರಲ್ಲಿ ಪ್ರಕಟಿಸಿದರು. ಮೊದಲು ಓದು, ಆ ಮೇಲೆ ಲೆಕ್ಕ, ಎಲ್ಲ ಮುಗಿದ ಬಳಿಕ ಆ ಲೆಕ್ಕದಿಂದ ಹೊರಟ ಅರ್ಥ: ಇದು ಅವರು ನಡೆದ ಕ್ರಮ. 1927ನೆಯ ಇಸವಿ ಜುಲೈ 10ರಂದು ಹ್ಯಾರೋ ಎಂಬಲ್ಲಿ ಅವರು ತೀರಿಕೊಂಡರು. 90 ವರ್ಷ ತುಂಬಲು ಒಂದೇ ವಾರ ಉಳಿದಿತ್ತು. ಶಾಸನ ಪಿತಾಮಹರೆಂದು ಕನ್ನಡಿಗರು ಅವರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ.

ಇನ್ನು ನನ್ನ ನೋಟ್‌ಬುಕ್ಕಿನ ವಿಷಯ. ಸಂಪುಟವನ್ನು ಹಿಂದಿರುಗಿಸಿದ ದಿನ ರಾತ್ರಿ ಅದನ್ನು ತೆರೆದು ಕುಳಿತೆ. ಒಂದೊಂದು ಪುಸ್ತಕದ ಹೆಸರಿನ ಮುಂದೆಯೂ, ಅದು ನನಗೆ ಹೇಳಿದುದೇನೆಂದು ಎರಡು ಸಾಲು ಬರೆಯಲು ಪ್ರಯತ್ನಿಸಿದೆ. 41ರಲ್ಲಿ 23ಕ್ಕೆ ಬರೆಯಲಾಯಿತು. ಒಂಬತ್ತಕ್ಕೆ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟೆ. ಅವನ್ನು ಮತ್ತೆ ಓದಬೇಕು. ಉಳಿದ ಒಂಬತ್ತನ್ನು ಹೊಡೆದುಹಾಕಿದೆ, ಏಕೆಂದರೆ ಅವುಗಳ ಮೊದಲ ಕೆಲವು ಪುಟಗಳನ್ನೂ ಕೊನೆಯ ಪುಟವನ್ನೂ ಬಿಟ್ಟು ನಾನು ಬೇರೇನನ್ನೂ ನೋಡಿರಲಿಲ್ಲ. ವರ್ಷ ಮುಗಿದಾಗ ನನ್ನ ಲೆಕ್ಕ 52 ಆಗಲಿಲ್ಲ, 30ಕ್ಕೆ ನಿಂತಿತು. ಅಧ್ಯಾಪಕರಿಗೆ ಮತ್ತೆ ತೋರಿಸಿದೆ. ಅವರು ಹೊಡೆದುಹಾಕಿದ ಸಾಲುಗಳ ಮೇಲೆಯೇ ಹೆಚ್ಚು ಹೊತ್ತು ಕಣ್ಣಾಡಿಸಿ, ನಕ್ಕು, ಪುಸ್ತಕವನ್ನು ಕೈಗಿತ್ತರು.

ಸಹಪಾಠಿಗಳೇ, ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಊರಿನಿಂದ ಕಾಲೇಜಿಗೆ ಬಂದರೂ ದಾರಿಯಲ್ಲೊಂದು ಬರೆದ ಕಲ್ಲು ಸಿಗದೆ ಇರದು. ಕೆಲವಕ್ಕೆ ಸುಣ್ಣ ಬಳಿದಿದ್ದಾರೆ. ಕೆಲವು ಬಟ್ಟೆ ಒಗೆಯುವ ಬಂಡೆಯಾಗಿವೆ. ಕೆಲವು ರಸ್ತೆ ಅಗಲಿಸುವಾಗ ಮಣ್ಣಿನಡಿ ಸೇರಿವೆ. ಈ ರಜೆಯಲ್ಲಿ ನಿಮ್ಮ ಊರಿನ ಹೆಸರನ್ನು ಆ 12ನೆಯ ಸಂಪುಟದಲ್ಲಿ ಹುಡುಕಿರಿ. ಸಿಕ್ಕಿದರೆ, ಅದರಲ್ಲಿ ಹೇಳಿದ ಜಾಗಕ್ಕೆ ಹೋಗಿ ಕಲ್ಲು ಇನ್ನೂ ಇದೆಯೇ ನೋಡಿರಿ. ಇದ್ದರೆ ಒಂದು ಗುರುತು, ಇಲ್ಲದಿದ್ದರೆ ಮತ್ತೊಂದು ಗುರುತು, ಸಂಶಯವಿದ್ದರೆ ಒಂದು ಪ್ರಶ್ನಾರ್ಥಕ ಚಿಹ್ನೆ. ಮುಂದಿನ ವರ್ಷ ಆ ಪಟ್ಟಿಯನ್ನು ಇದೇ ಪತ್ರಿಕೆಯಲ್ಲಿ ಅಚ್ಚುಹಾಕಿಸೋಣ. ಕುದುರೆಯ ಮೇಲೆ ಬಂದು ನಮ್ಮ ಊರಿನ ಅಕ್ಷರವನ್ನು ಓದಿಹೋದವರಿಗೆ, ನಾವು ಸಲ್ಲಿಸಬಹುದಾದ ಕಾಣಿಕೆ ಅಷ್ಟು.